ಸಿಗಡಿಯ ಕೆಂಪು, ಮಾತ್ರೆಯ ಕಿತ್ತಳೆ

ಕಳೆದ ತಿಂಗಳು ಮಗ್ರಿಬ್ ಮುಗಿಸಿ ಹೊರಗೆ ಬರುವಾಗ ನಮ್ಮ ಮೊಹಲ್ಲಾದ ಹಿರಿಯರೊಬ್ಬರು ನಮ್ಮ ಕೈಗೆ ಒಂದು ಬಾಟ್ಲಿ ಕೊಟ್ಟರು. ನಲ್ವತ್ತು ವರ್ಷದಿಂದ ಬೀಡಿ ಸೇದುವ ಕಾಕ. "ಉಸ್ತಾದೇ, ಇದ್ರಲ್ಲಿ ಎಂತ ಬರ್ದದ್ದು ಅಂತ ಸ್ವಲ್ಪ ನೋಡಿ. ಮಗ ಗಲ್ಫಿಂದ ಕಳ್ಸಿದ್ದು. ಸೇದುವವ್ರ ಎದೆಗೆ ಒಳ್ಳೇದಂತೆ" ಎಂದರು. ಒಳಗೆ ಕಿತ್ತಳೆ ಬಣ್ಣದ ಮಾತ್ರೆಗಳು. ಲೇಬಲ್‌ನಲ್ಲಿ ಬೀಟಾ ಕ್ಯಾರೊಟಿನ್, 15 ಮಿಲಿಗ್ರಾಂ, ಸಿಂಥೆಟಿಕ್ ಎಂದಿತ್ತು. ಜೆಲಟಿನ್ ಯಾವ ಪ್ರಾಣಿಯದ್ದು ಎಂದೂ ಹುಡುಕಿದೆವು, ಮೀನಿನದ್ದಂತೆ. ಆ ವಿಷಯದಲ್ಲಿ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ಬೇರೆ ಕಡೆ.

ಈ ಬಣ್ಣದ ಸಂಗತಿ ನಮ್ಮ ಅಡಿಗೆಮನೆಯಲ್ಲೇ ಉಂಟು. ಹಸಿ ಸಿಗಡಿ ಬೂದು ಬಣ್ಣ, ಬೇಯಿಸಿದರೆ ಕೆಂಪು. ಬೆಂಕಿ ಹೊಸ ಬಣ್ಣ ಕೊಡುವುದಲ್ಲ. ಅಸ್ಟಾಕ್ಸಾಂಥಿನ್ ಎಂಬ ಕೆಂಪು ವಸ್ತು ಮೊದಲೇ ಅದರೊಳಗೆ ಇರುತ್ತದೆ, ಒಂದು ಪ್ರೋಟೀನ್ ಅದನ್ನು ಹಿಡಿದು ಬಚ್ಚಿಟ್ಟಿರುತ್ತದೆ. ಬಿಸಿಗೆ ಪ್ರೋಟೀನ್ ಕೆಟ್ಟಾಗ ಕೆಂಪು ಹೊರಬೀಳುತ್ತದೆ. ಕ್ಯಾರೆಟ್, ಪಪ್ಪಾಯಿ, ಮೊಟ್ಟೆಯ ಹಳದಿ, ಕೇಸರಿ ಎಲ್ಲದರ ಬಣ್ಣವೂ ಇದೇ ಕುಟುಂಬದ್ದು. ಇದಕ್ಕೆ ಕ್ಯಾರೊಟಿನಾಯ್ಡ್ ಎಂದು ಹೆಸರು.

ಪಿಯುಸಿಯ ಕೆಮಿಸ್ಟ್ರಿ ನಮಗೆ ಅರ್ಧ ಮರೆತಿದೆ, ಆದರೂ ಇದು ಅರ್ಥವಾಗುವಂಥದ್ದೇ. ಬೀಟಾ ಕ್ಯಾರೊಟಿನ್ ಎಂದರೆ 40 ಇಂಗಾಲದ ಉದ್ದ ಸರಪಳಿ. ಅದರಲ್ಲಿ ಒಂದು ಬಿಟ್ಟು ಒಂದರಂತೆ 11 ದ್ವಿಬಂಧಗಳು. ಬಣ್ಣ ಬರುವುದು ಆ ಸಾಲಿನಿಂದ. ಕೆರಳಿದ ಆಮ್ಲಜನಕ ಜೀವಕೋಶಕ್ಕೆ ಏಟು ಕೊಡಲು ಬಂದಾಗ ಅದರ ಶಕ್ತಿಯನ್ನು ತಾನು ಹೀರಿ, ಬಿಸಿಯಾಗಿ ಹೊರಬಿಡುವುದೂ ಆ ಸಾಲೇ. ಇದು 1968ರಲ್ಲಿ ಅಮೆರಿಕದ ಫೂಟ್ ಮತ್ತು ಡೆನ್ನಿ ತೋರಿಸಿಕೊಟ್ಟ ಗುಣ.

ಸ್ವಿಟ್ಜರ್ಲೆಂಡಿನ ಪಾಲ್ ಕಾರರ್ 1930ರ ಹೊತ್ತಿಗೆ ಇದರ ರಚನೆ ಕಂಡುಹಿಡಿದರು, 1937ರಲ್ಲಿ ನೊಬೆಲ್ ಪಡೆದರು. 1950ರಲ್ಲಿ ಪ್ರಯೋಗಶಾಲೆಯಲ್ಲಿ ಇದನ್ನು ಕಟ್ಟಿದ್ದೂ ಆಯಿತು, ಕೆಲವೇ ವರ್ಷಗಳಲ್ಲಿ ರೋಶ್ ಕಂಪೆನಿ ಕಾರ್ಖಾನೆಯಲ್ಲಿ ತಯಾರಿಸತೊಡಗಿತು. ಸಾಕಿದ ಸಾಲ್ಮನ್ ಮೀನಿನ ಮಾಂಸ ಕೆಂಪಾಗಲು ಮೇವಿಗೆ ಹಾಕುವ ಅಸ್ಟಾಕ್ಸಾಂಥಿನ್ ಕೂಡ ಬಹುಪಾಲು ಕಾರ್ಖಾನೆಯದ್ದೇ.

ಇರುವುದನ್ನು ನಕಲು ಮಾಡಿದರೆ ಸಾಕಾಗಲಿಲ್ಲ, ಬದಲಾಯಿಸಲೂ ಹೊರಟರು. ಕ್ಯಾರೆಟ್ ಹಲ್ವ ಮಾಡುವಾಗ ನೋಡಿ, ಬಣ್ಣ ಬಿಡುವುದು ತುಪ್ಪಕ್ಕೆ. ನೀರಲ್ಲಿ ಅದು ಕರಗುವುದಿಲ್ಲ. ಹಾಗಾಗಿ ಇಂಜೆಕ್ಷನ್ ಮೂಲಕ ರಕ್ತಕ್ಕೆ ಕೊಡುವುದು ಕಷ್ಟ. ಆದರೆ ಬಿರಿಯಾನಿಗೆ ನೆನೆಸಿದ ಕೇಸರಿ ನೀರಲ್ಲೂ ಬಣ್ಣ ಬಿಡುತ್ತದೆ, ಯಾಕೆಂದರೆ ಅದರ ಸರಪಳಿಯ ಎರಡು ತುದಿಗೂ ಸಕ್ಕರೆ ಅಂಟಿಕೊಂಡಿದೆ. ಹವಾಯಿಯ ಸಂಶೋಧಕರು 2000ದ ದಶಕದ ಆರಂಭದಲ್ಲಿ ಹೆಚ್ಚುಕಡಿಮೆ ಇದೇ ಉಪಾಯ ಮಾಡಿದರು. ಅಸ್ಟಾಕ್ಸಾಂಥಿನ್‌ನ ಎರಡು ತುದಿಗೆ ಸಕ್ಸಿನಿಕ್ ಆಮ್ಲದ ತುಂಡು ಜೋಡಿಸಿ, ಸೋಡಿಯಂ ಲವಣವಾಗಿಸಿ, ನೀರಿಗೆ ಒಗ್ಗುವಂತೆ ಮಾಡಿದರು. ಇಲಿಗಳ ಹೃದಯಕ್ಕೆ ರಕ್ತ ತಡೆದು ನೋಡಿದಾಗ, ಇದನ್ನು ಮೊದಲೇ ಕೊಟ್ಟಿದ್ದರೆ ಹಾನಿ ಕಡಿಮೆಯಾಗಿತ್ತು. ಇಲಿಗಳಲ್ಲಿ, ಅಷ್ಟೇ. ಜಾಹೀರಾತಿನವರು ಈ ಪದವನ್ನೇ ನುಂಗಿಬಿಡುತ್ತಾರೆ.

ಕಾಕನ ಬಾಟ್ಲಿಗೆ ಬರೋಣ. ಬೀಡಿ, ಸಿಗರೇಟು ಸೇದುವವರಿಗೆ ಇದು ರಕ್ಷಣೆ ಎಂದು ಒಂದು ಕಾಲದಲ್ಲಿ ದೊಡ್ಡ ವಿಜ್ಞಾನಿಗಳೇ ಆಸೆ ಇಟ್ಟಿದ್ದರು. ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ 29,133 ಗಂಡಸರನ್ನು ಸೇರಿಸಿ, ಕೆಲವರಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೊಟಿನ್ ಐದರಿಂದ ಎಂಟು ವರ್ಷ ಕೊಟ್ಟರು. 1994ರಲ್ಲಿ ಫಲಿತಾಂಶ ಬಂದಾಗ ಎಲ್ಲರಿಗೂ ಆಶ್ಚರ್ಯ. ಮಾತ್ರೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚು! ಅಮೆರಿಕದಲ್ಲಿ 18,314 ಜನರ ಮೇಲೆ ಇನ್ನೊಂದು ಅಧ್ಯಯನ ನಡೆಯುತ್ತಿತ್ತು. ಅಲ್ಲಿ ಬೀಟಾ ಕ್ಯಾರೊಟಿನ್ ಜೊತೆ ವಿಟಮಿನ್ ಎ ಕೂಡ ಕೊಡುತ್ತಿದ್ದರು. ಕ್ಯಾನ್ಸರ್ ಶೇ. 28ರಷ್ಟು ಹೆಚ್ಚಿದ್ದು ಕಂಡು 1996ರ ಜನವರಿಯಲ್ಲಿ, ಅವಧಿಗೆ 21 ತಿಂಗಳು ಮೊದಲೇ, ಮಾತ್ರೆ ನಿಲ್ಲಿಸಿದರು.

ಹೀಗ್ಯಾಕೆ? ಆಮ್ಲಜನಕದ ಒತ್ತಡ ಹೆಚ್ಚಿರುವ ಕಡೆ ಬೀಟಾ ಕ್ಯಾರೊಟಿನ್ ರಕ್ಷಿಸುವ ಬದಲು ಉಲ್ಟಾ ಕೆಲಸ ಮಾಡಬಹುದು ಎಂದು ಬರ್ಟನ್ ಮತ್ತು ಇಂಗೋಲ್ಡ್ 1984ರಲ್ಲೇ ತೋರಿಸಿದ್ದರು. ಶ್ವಾಸಕೋಶದಲ್ಲಿ ಆಮ್ಲಜನಕ ಧಾರಾಳ, ಮೇಲಿಂದ ಹೊಗೆ ಬೇರೆ. ಅಲ್ಲಿ ಸರಪಳಿ ಒಡೆದು, ಆ ಚೂರುಗಳೇ ಕೇಡು ಮಾಡುತ್ತವೆ ಎಂಬುದು ಒಂದು ವಿವರಣೆ. ಕ್ಯಾರೆಟ್ ತಿನ್ನುವವರು ಹೆದರಬೇಕಾಗಿಲ್ಲ. ತರಕಾರಿಯಿಂದ ಇದು ಸ್ವಲ್ಪ ಸ್ವಲ್ಪವೇ ದೇಹಕ್ಕೆ ಸೇರುತ್ತದೆ, ಜೊತೆಗೆ ಬೇರೆ ಎಷ್ಟೋ ವಸ್ತುಗಳಿರುತ್ತವೆ. ಫಿನ್ಲೆಂಡಿನಲ್ಲಿ ಮಾತ್ರೆ ತಿಂದವರ ರಕ್ತದಲ್ಲಿ ಅದರ ಪ್ರಮಾಣ ಹತ್ತು ಪಟ್ಟಿಗೂ ಹೆಚ್ಚಾಗಿತ್ತು.

ಇಷ್ಟನ್ನೂ ಕಾಕನಿಗೆ ಜಗಲಿಯಲ್ಲಿ ಕೂತು ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಬೀಡಿ ಬಿಟ್ಟು ತಿಂದ್ರೆ ಆಗ್ತದಾ?" ಎಂದು ಕೇಳಿದರು. ಒಳ್ಳೆ ಪ್ರಶ್ನೆಯೇ. 2013ರಲ್ಲಿ ಅಮೆರಿಕದ ಒಂದು ಕಣ್ಣಿನ ಅಧ್ಯಯನದಲ್ಲಿ ಬೀಟಾ ಕ್ಯಾರೊಟಿನ್ ಪಡೆದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚು ಕಂಡಿತ್ತು. ಕ್ಯಾನ್ಸರ್ ಬಂದವರಲ್ಲಿ ಹೆಚ್ಚಿನವರು ಹಿಂದೆ ಸೇದಿ ಬಿಟ್ಟವರೇ. ಅಲ್ಲಿಂದ ಕಣ್ಣಿನ ಮಾತ್ರೆಗೆ ಬೀಟಾ ಕ್ಯಾರೊಟಿನ್ ಬದಲು ಲ್ಯೂಟಿನ್ ಮತ್ತು ಜಿಯಾಕ್ಸಾಂಥಿನ್ ಎಂಬ ಬೇರೆ ಕ್ಯಾರೊಟಿನಾಯ್ಡ್‌ಗಳು ಬಂದವು. ಹಾಗಾಗಿ ಬೀಡಿ ಬಿಡಿ, ಮಾತ್ರೆಯೂ ಬೇಡ, ಡಾಕ್ಟರಿಗೆ ಒಮ್ಮೆ ಬಾಟ್ಲಿ ತೋರಿಸಿ ಎಂದೆವು.

"ಮಗನಿಗೆ ಬೇಜಾರಾಗ್ತದೆ ಉಸ್ತಾದೇ, ದುಡ್ಡು ಕೊಟ್ಟು ಕಳ್ಸಿದ್ದು" ಎಂದರು. ಅದೂ ಸರಿಯೇ. ಅವರ ಫೋನಿನಲ್ಲೇ ಮಗನಿಗೆ ವಿಷಯ ವಿವರಿಸಿ ವಾಯ್ಸ್ ಮೆಸೇಜ್ ಹಾಕಿದೆವು. ಇಶಾ ಹೊತ್ತಿಗೆ ಉತ್ತರ ಬಂತು. ಮಾತ್ರೆಯ ಬಗ್ಗೆ ಅವನು ಒಂದು ಮಾತೂ ಆಡಿರಲಿಲ್ಲ. "ಬೀಡಿ ಬಿಟ್ರಾ?" ಎಂದಷ್ಟೇ ಕೇಳಿದ್ದ. ಕಾಕ ಫೋನನ್ನು ಕಿಸೆಗೆ ಹಾಕಿ, ಬಾಟ್ಲಿ ನಮ್ಮ ಕೈಯಲ್ಲೇ ಬಿಟ್ಟು ಮನೆ ಕಡೆ ನಡೆದರು.