ಜೆರುಸಲೇಮ್: ಒಂದು ಬೀಗದ ಕೈಯ ಕಥೆ

ಹಳೆಯ ಜೆರುಸಲೇಮ್‌ನೊಳಗೆ ದಮಾಸ್ಕಸ್ ದ್ವಾರದಿಂದ ಹೋಗೋಣ. ಅಲ್ಲಿ ಹಳ್ಳಿಯ ಹೆಂಗಸರು ದ್ರಾಕ್ಷಿ ಎಲೆ, ಪುದೀನ ಮಾರಲು ಕುಳಿತಿರುತ್ತಾರೆ. ಸುತ್ತಲಿನ ಕೋಟೆಗೋಡೆ 16ನೇ ಶತಮಾನದಲ್ಲಿ ಉಸ್ಮಾನಿ ಸುಲ್ತಾನ್ ಸುಲೈಮಾನ್ ಕಟ್ಟಿಸಿದ್ದು. ಒಳಗಿನ ಜಾಗ ಒಂದು ಚದರ ಕಿಲೋಮೀಟರಿನಷ್ಟೂ ಇಲ್ಲ. ಅಷ್ಟರಲ್ಲೇ ನಮ್ಮ ಮೊದಲ ಕಿಬ್ಲಾ ಮಸ್ಜಿದುಲ್ ಅಕ್ಸಾ, ಯಹೂದಿಯರು ಪ್ರಾರ್ಥಿಸುವ ಪಶ್ಚಿಮ ಗೋಡೆ, ಯೇಸುವಿನ ಸಮಾಧಿ ಇದೆಯೆಂದು ಕ್ರೈಸ್ತರು ನಂಬುವ ಚರ್ಚ್ ಇವೆ.

ಕ್ರಿ.ಶ. 638ರ ಸುಮಾರಿಗೆ ನಗರವು ಖಲೀಫಾ ಉಮರ್(ರ)ರ ವಶವಾಯಿತು. ಚರ್ಚಿನೊಳಗೇ ನಮಾಝ್ ಮಾಡಿರೆಂದು ಧರ್ಮಗುರುಗಳು ಆಹ್ವಾನಿಸಿದರು. ಮುಂದೆ ಮುಸ್ಲಿಮರು ಅದನ್ನೇ ಮಸೀದಿ ಮಾಡಿಕೊಂಡಾರು ಎಂದು ಅವರು ಹೊರಗೆ ಬಂದು ನಮಾಝ್ ನಿರ್ವಹಿಸಿದರೆಂದು ಇತಿಹಾಸಕಾರರು ಬರೆದಿದ್ದಾರೆ. ಇಂದಿಗೂ ಆ ಚರ್ಚಿನ ಬೀಗದ ಕೈ ಇರುವುದು ಒಂದು ಮುಸ್ಲಿಮ್ ಕುಟುಂಬದ ಬಳಿ. ಬಾಗಿಲು ತೆರೆಯುವ ಹೊಣೆ ಇನ್ನೊಂದು ಮುಸ್ಲಿಮ್ ಕುಟುಂಬದ್ದು.

1967ರಿಂದ ನಗರ ಇಸ್ರೇಲಿನ ಹಿಡಿತದಲ್ಲಿದೆ. ಪಶ್ಚಿಮ ದಂಡೆಯ ಅನೇಕ ಫೆಲೆಸ್ತೀನಿಯರಿಗೆ ಅಕ್ಸಾದಲ್ಲಿ ನಮಾಝ್ ಮಾಡಲು ಅನುಮತಿ ಪತ್ರ ಬೇಕು. ಸಿಗದವರು ತಪಾಸಣಾ ಠಾಣೆಯಿಂದಲೇ ಹಿಂದಿರುಗುತ್ತಾರೆ.

ಪರರ ಆರಾಧನಾಲಯದ ಬೀಗದ ಕೈಯನ್ನು ಶತಮಾನಗಳಿಂದ ಕಾಪಾಡಿದ ಸಮುದಾಯದ ಅನೇಕರಿಗೆ ತಮ್ಮದೇ ಮಸೀದಿಯ ಹಾದಿ ಮುಚ್ಚಿದೆ. ಮಕ್ಕಳಿಗೆ ಅಕ್ಸಾದ ಕಥೆ ಹೇಳುವಾಗ ಈ ಬೀಗದ ಕೈಯ ಕಥೆಯನ್ನೂ ಹೇಳೋಣ.