ನಿಮಗಿದು ಗೊತ್ತೆ? ಸ್ಪೈಡರ್‌ಮ್ಯಾನ್ ಚಿತ್ರದಲ್ಲಿ ನಮ್ಮ ಇಂದ್ರಜಾಲ

2023ರಲ್ಲಿ ಕನ್ನಡಕ್ಕೂ ಡಬ್ ಆಗಿ ಬಂದ ‘ಸ್ಪೈಡರ್‌ಮ್ಯಾನ್: ಅಕ್ರಾಸ್ ದಿ ಸ್ಪೈಡರ್‌ವರ್ಸ್’ ಚಿತ್ರದಲ್ಲಿ ಮುಂಬಾಟನ್ ಎಂಬ ಊರಿದೆ. ಮುಂಬೈ ಮತ್ತು ಮ್ಯಾನ್‌ಹಾಟನ್ ಬೆರೆತ ಕಲ್ಪನೆಯ ನಗರವದು. ಅದರ ರೂಪಕ್ಕೆ ಕಲಾವಿದರಿಗೆ ಸ್ಫೂರ್ತಿಯಾದದ್ದು ಇಂದ್ರಜಾಲ ಕಾಮಿಕ್ಸ್. ಫ್ಯಾಂಟಮ್, ಮಾಂಡ್ರೇಕರನ್ನು ಕನ್ನಡದ ಮಕ್ಕಳಿಗೂ ಪರಿಚಯಿಸಿದ ಅದೇ ಮಾಲಿಕೆ! ಆ ಊರಿನ ಸ್ಪೈಡರ್‌ಮ್ಯಾನ್ ಪವಿತ್ರ್ ಪ್ರಭಾಕರ್ ಕೂಡ 2004ರ ಭಾರತೀಯ ಕಾಮಿಕ್ಸ್‌ನಿಂದಲೇ ಬಂದವನು.

ಸಾಹಸ, ಹಾಸ್ಯ, ಅಪ್ಪ-ಅಮ್ಮನ ಜೊತೆಗಿನ ತಿಕ್ಕಾಟ ಎಲ್ಲವೂ ಈ ಚಿತ್ರದಲ್ಲಿ ಬೆರೆತಿವೆ. ಮತ್ತೊಂದು ಲೋಕದ ಜೇಡ ನಾಯಕಿ ಗ್ವೆನ್‌ಳ ಲೋಕ ಜಲವರ್ಣದ್ದು; ಅವಳ ಮನಸ್ಸು ಕದಡಿದರೆ ಹಿನ್ನೆಲೆಯ ಬಣ್ಣವೂ ಬದಲಾಗುತ್ತದೆ.

ಈ ಸರಣಿಯ 2018ರ ಮೊದಲ ಭಾಗದ ಕಾಡಿನ ದೃಶ್ಯವನ್ನು ಗಮನವಿಟ್ಟು ನೋಡಿ. ಪಳಗಿದ ಸ್ಪೈಡರ್‌ಮ್ಯಾನ್ ಪೀಟರ್‌ನ ಭಂಗಿ ಸೆಕೆಂಡಿಗೆ 24 ಬಾರಿ ಬದಲಾದರೆ, ಅವನಿಂದ ಕಲಿಯುತ್ತಿರುವ ಹೊಸಬ ಮೈಲ್ಸ್‌ನದು 12 ಬಾರಿ ಮಾತ್ರ. ಹಾಗಾಗಿ ಹುಡುಗ ತಡವರಿಸಿದಂತೆ ಕಾಣುತ್ತಾನೆ. ಕಲಿತಂತೆ ಅವನ ಚಲನೆಯೂ ನಯವಾಗುತ್ತದೆ. ಒಂದು ಮಾತೂ ಆಡದೆ ಪಾತ್ರದ ಬೆಳವಣಿಗೆ ತೋರಿಸುವ ಈ ಜಾಣ್ಮೆಗೆ ಸಾಟಿಯಿಲ್ಲ. ಅದೇ ಚಿತ್ರದಲ್ಲಿ ದೂರದ ವಸ್ತುಗಳನ್ನು ಮಸುಕುಗೊಳಿಸುವ ಬದಲು, ಅಚ್ಚು ತಪ್ಪಿದ ಪುಟದಂತೆ ಬಣ್ಣಗಳನ್ನು ಪಕ್ಕಕ್ಕೆ ಸರಿಸಿದ್ದಾರೆ. ಆ ಚಿತ್ರಕ್ಕೆ 2019ರಲ್ಲಿ ಆಸ್ಕರ್ ಬಂತು.