ಗೋಕರ್ಣಕ್ಕೆ ಹೊರಡೋ ಮುಂಚೆ ಇದಿಷ್ಟು ತಿಳ್ಕೊಳ್ಳಿ

ಗೋಕರ್ಣಕ್ಕೆ ಹೊರಟಿದ್ದೀರಾ? ರೂಮ್ ಬುಕ್ ಮಾಡೋ ಮುಂಚೆ ಒಂದು ತೀರ್ಮಾನ ಮಾಡಿ: ಯಾವ ಬೀಚ್ ಹತ್ರ ಉಳ್ಕೋತೀರಿ?

ಜೊತೇಲಿ ಹಿರಿಯರಿದ್ರೆ ಊರೊಳಗೇ ಇರಿ. ಮಹಾಬಲೇಶ್ವರ ದೇವಸ್ಥಾನ, ಊಟದ ಹೋಟೆಲು, ಮುಖ್ಯ ಬೀಚು, ಎಲ್ಲಾ ನಡೆದು ಹೋಗೋ ದೂರ. ಗೆಳೆಯರ ಗುಂಪಾದ್ರೆ ಕುಡ್ಲೆ ಅಥವಾ ಓಂ ಬೀಚ್. ಓಂ ಬೀಚ್ ಮೇಲ್ಗಡೆ ತನಕ ಆಟೋ ಬರುತ್ತೆ, ಆಮೇಲೆ ಮೆಟ್ಟಿಲು ಇಳೀಬೇಕು. ಹಾಫ್ ಮೂನ್ ಬೀಚ್‌ಗೆ ಗುಡ್ಡದ ಕಾಲುದಾರಿ, ಇಲ್ಲಾಂದ್ರೆ ದೋಣಿ. ಅದಕ್ಕೇ ದೊಡ್ಡ ಸೂಟ್‌ಕೇಸ್ ಬೇಡ, ಬೆನ್ನಿಗೆ ಹಾಕೋ ಬ್ಯಾಗ್ ಸಾಕು.

ಬೆಂಗಳೂರಿಂದ ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಹತ್ತಿದ್ರೆ, ಬೆಳಗ್ಗೆ ಗೋಕರ್ಣ ರೋಡ್ ಸ್ಟೇಷನ್. ಟಿಕೆಟ್ ಬುಕಿಂಗ್ 60 ದಿನ ಮುಂಚೆ ಶುರು. ವಾರಾಂತ್ಯಕ್ಕಾದ್ರೆ ತಡ ಮಾಡ್ಬೇಡಿ. ಸ್ಟೇಷನ್ನಿಂದ ಊರಿಗೆ ಸುಮಾರು 10 ಕಿಲೋಮೀಟರ್. ಆಟೋ ಹತ್ತೋ ಮುಂಚೆನೇ ಬಾಡಿಗೆ ಮಾತಾಡ್ಕೊಳ್ಳಿ.

ದೇವಸ್ಥಾನ ಮಧ್ಯಾಹ್ನ ಮುಚ್ಚುತ್ತೆ, ಬೆಳಗ್ಗೆನೇ ದರ್ಶನ ಮುಗಿಸಿ. ಗಂಡಸರು ಅಂಗಿ ಬಿಚ್ಚಬೇಕು, ಚೀಲದಲ್ಲಿ ಒಂದು ಪಂಚೆ ಇರ್ಲಿ. ಬೀಚ್ ಬಟ್ಟೆ ಅಲ್ಲಿ ನಡೆಯಲ್ಲ.

ಯಾವಾಗ ಹೋಗೋದು? ನವೆಂಬರ್‌ನಿಂದ ಫೆಬ್ರವರಿ ಒಳ್ಳೇ ಕಾಲ. ಶಿವರಾತ್ರಿ ತೇರಿನ ಹೊತ್ತಿಗೆ ರೂಮ್ ಸಿಗೋದು ಕಷ್ಟ. ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲ. ಕಡಲು ಉಗ್ರವಾಗಿರುತ್ತೆ, ನೀರಿಗಿಳೀಬೇಡಿ. ಅಲೆ ಬಡಿಯೋ ಬಂಡೆ ಪಾಚಿಯಿಂದ ಜಾರುತ್ತೆ, ಅದರ ಮೇಲೆ ಸೆಲ್ಫಿ ಯಾವ ಕಾಲದಲ್ಲೂ ಬೇಡ.

ಒಂದು ದಿನ ಹೆಚ್ಚಿಗೆ ಇದ್ಯಾ? ಕುಮಟಾ ಕಡೆ ಮಿರ್ಜಾನ್ ಕೋಟೆ, ಘಟ್ಟದಲ್ಲಿ ಯಾಣದ ಕರಿಬಂಡೆ. ಎರಡನ್ನೂ ಒಂದೇ ದಿನದಲ್ಲಿ ನೋಡ್ಬಹುದು!